‘ಕನ್ವೇ’ ಮಾಡೋದು ಅಂದ್ರೆ ಹೇಳೋದಾ, ಹೊರೋದಾ?

ನಮಸ್ಕಾರ. ನಾನು ಚಿಕ್ಕಮಗಳೂರಿನವನು. ಕಾಫಿ ವ್ಯಾಪಾರದ ಆಫೀಸಲ್ಲಿ ಕೆಲಸ. ಲೆಕ್ಕ, ಲಾರಿ, ಮೇಲ್ ಎಲ್ಲಾ ನನ್ನ ತಲೆ ಮೇಲೇ. ಹೋದ ವಾರ ಹಾಸನದ ಕ್ಯೂರಿಂಗ್‌ಗೆ, ಅಂದರೆ ಕಾಫಿ ಬೀಜ ಹಸನು ಮಾಡೋ ಕಾರ್ಖಾನೆಗೆ, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ, ಒಳಪೊರೆ ಇನ್ನೂ ಇರೋ ಬೀಜ) ಲೋಡ್ ಹೋಗಬೇಕಿತ್ತು. ಮೂಟೆ ಕಟ್ಟಿ ಇಟ್ಟು ಮಧ್ಯಾಹ್ನ ಆದರೂ ಲಾರಿ ಇಲ್ಲ. ಕಾಫಿ ಕೊಂಡವರಿಗೆ ಒಂದು ಮೇಲ್ ಹಾಕಿದೆ: ‘ಐ ಹ್ಯಾವ್ ಕನ್ವೇಡ್ ಯುವರ್ ಡ್ರೈವರ್ ದಟ್ ದ ಲೋಡ್ ಈಸ್ ರೆಡಿ.’

ರಜೆಗೆ ಬಂದಿದ್ದ ಅಕ್ಕನ ಮಗಳು ಪಕ್ಕದಲ್ಲೇ ಕೂತಿದ್ದಳು. ಹಾಸನದಲ್ಲಿ ಬಿಎ ಓದುತ್ತಿದ್ದಾಳೆ, ಇಂಗ್ಲಿಷ್ ಮೇಜರ್. ಮೇಲ್ ನೋಡಿ ನಗೋಕೆ ಶುರು ಮಾಡಿದಳು. “ಮಾವ, ಡ್ರೈವರ್‌ನ ಎಲ್ಲಿಗೆ ಹೊತ್ಕೊಂಡು ಹೋದ್ರಿ?”

ತಪ್ಪು ಎಲ್ಲಿದೆ ಅಂತ ಅವಳೇ ಬಿಡಿಸಿ ಹೇಳಿದಳು. ಕನ್ವೇ ಪದದ ಪಕ್ಕ ನೇರವಾಗಿ ಬಂದು ಕೂರಬೇಕಾದದ್ದು ವಿಷಯ, ಆಳಲ್ಲ. ಆಳು ಬರಬೇಕಾದರೆ ಮುಂದೆ ‘ಟು’ ಇರಲೇಬೇಕು. ‘ಕನ್ವೇ ದ ಮೆಸೇಜ್ ಟು ಹಿಮ್’ ಸರಿ, ‘ಕನ್ವೇ ಟು ಹಿಮ್ ದಟ್’ ಕೂಡ ಸರಿ. ‘ಕನ್ವೇ ಹಿಮ್’ ಅಂದರೆ ಅವನನ್ನೇ ಸಾಗಿಸಿದ ಹಾಗೆ. ಟೆಲ್, ಇನ್‌ಫಾರ್ಮ್ ಇವಕ್ಕೆ ಟು ಬೇಡ. ಸೇ, ಎಕ್ಸ್‌ಪ್ಲೇನ್, ಮೆನ್ಷನ್ ಮಾತ್ರ ಕನ್ವೇ ಕಡೆಯವು. ನಮಗೆ ಈ ಗೆರೆ ಕಾಣೋದೇ ಇಲ್ಲ. ಅವನಿಗೆ ಹೇಳು, ಅವನಿಗೆ ತಿಳಿಸು, ಅವನಿಗೆ ಮುಟ್ಟಿಸು. ಎಲ್ಲಾ ಕಡೆ ಅದೇ ‘ಗೆ’. ಇಪ್ಪತ್ತು ವರ್ಷದಿಂದ ನಾನು ಎಷ್ಟು ಜನ ಡ್ರೈವರ್‌ಗಳನ್ನ ಹೊತ್ತಿದ್ದೀನೋ ಏನೋ!

ಆಮೇಲೆ ಯೋಚಿಸಿದರೆ, ಈ ಪದದೊಳಗೆ ಹೊರೆ ಮೊದಲಿಂದಲೂ ಇದೆ. ಇದು ಲ್ಯಾಟಿನ್‌ನಿಂದ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದದ್ದು. ಒಳಗಿರೋದು ‘ವಿಯಾ’, ಅಂದರೆ ದಾರಿ. ‘ಚಿಕ್ಕಮಗಳೂರು–ಹಾಸನ ವಯಾ ಬೇಲೂರು’ ಅಂತ ಬಸ್ಸಿನ ಬೋರ್ಡಿನಲ್ಲಿ ಇರುತ್ತಲ್ಲ, ಆ ವಯಾನೇ. ಮೊದಲು ಇದಕ್ಕೆ ಇದ್ದ ಅರ್ಥ ದಾರಿಯಲ್ಲಿ ಜೊತೆಗೆ ಹೋಗೋದು, ಕಾವಲಾಗಿ ಹೋಗೋದು. ಮಂತ್ರಿಗಳ ಕಾರಿನ ಹಿಂದೆ ಮುಂದೆ ಓಡೋ ಕಾನ್ವಾಯ್ ಇದರ ಒಡಹುಟ್ಟಿದ್ದು. ಆಮೇಲೆ ಸಾಮಾನು ಸಾಗಿಸೋದಾಯ್ತು, ಆಮೇಲೆ ಮಾತು. ಕ್ರಯಪತ್ರಕ್ಕೆ ಕನ್ವೇಯನ್ಸ್ ಡೀಡ್ ಅನ್ನೋದೂ ಇದರಿಂದಲೇ, ಅಲ್ಲಿ ಸಾಗೋದು ಜಮೀನಿನ ಹಕ್ಕು.

ಕ್ಯೂರಿಂಗ್ ನೋಡಿದವರಿಗೆ ಕನ್ವೇಯರ್ ಬೆಲ್ಟ್ ಗೊತ್ತು. ಬೀಜ ಸಣ್ಣಗೆ ಸದ್ದು ಮಾಡುತ್ತಾ ಬರುತ್ತಿರುತ್ತೆ. ಎರಡೂ ಕಡೆ ಹೆಂಗಸರು ಕೂತು ಕಪ್ಪು ಬೀಜ, ಒಡೆದ ಬೀಜ ಆರಿಸುತ್ತಿರುತ್ತಾರೆ. ಬೆಲ್ಟಿಗೆ ತನ್ನದು ಅಂತ ಏನೂ ಇಲ್ಲ, ಹಾಕಿದ್ದನ್ನ ದಾಟಿಸುತ್ತೆ, ಅಷ್ಟೆ. ‘ಐ ವಿಲ್ ಕನ್ವೇ ಇಟ್’ ಅಂತ ಆಫೀಸುಗಳಲ್ಲಿ ಹೇಳುವವರ ದನಿಯೂ ಹೀಗೇ ಅಲ್ವಾ? ನಾನು ಒಪ್ಪಿದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ, ಮುಟ್ಟಿಸ್ತೀನಿ ಅಷ್ಟೆ. ತೋಟದ ಲೆಕ್ಕ, ಆಳು ನೋಡಿಕೊಳ್ಳೋ ರೈಟರ್‌ಗಳು ಸಾಹುಕಾರರ ಮಾತನ್ನ ಆಳುಗಳಿಗೆ ಹೇಳೋದೂ ಇದೇ ದನಿಯಲ್ಲಿ. ಅದಕ್ಕೇ ನನಗೆ ‘ತಿಳಿಸು’ಗಿಂತ ‘ಮುಟ್ಟಿಸು’ ಹತ್ತಿರ ಅನ್ನಿಸುತ್ತೆ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ನೆಂಟರಿಗೆ ಸುದ್ದಿ ಮುಟ್ಟಿಸು ಅಂತಲೇ ಹೇಳೋದು.

ಪತ್ರಿಕೆಗಳಲ್ಲಿ ಬರೋ ‘ಈ ಗೆಲುವು ಸಂದೇಶ ರವಾನಿಸಿದೆ’ ಮಾತ್ರ ನನಗೆ ಒಗ್ಗೋದಿಲ್ಲ. ನಮ್ಮಲ್ಲಿ ರವಾನೆ ಅಂದ್ರೆ ಮೂಟೆ, ಲಾರಿ, ಬಿಲ್ಲು.

‘ಕನ್ವೇ ಮೈ ರಿಗಾರ್ಡ್ಸ್ ಟು ಯುವರ್ ಫಾದರ್’ ಅನ್ನೋದಕ್ಕೆ ‘ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ’ ಅಂತ ಕಾಗದದಲ್ಲಿ ಬರೀತೀವಿ. ಬಾಯಲ್ಲಿ? ‘ಅಪ್ಪನ್ನ ಕೇಳಿದೆ ಅಂತ ಹೇಳಪ್ಪ.’ ಏನು ಕೇಳಿದರು ಅಂತ ಯಾರೂ ಕೇಳೋದಿಲ್ಲ! ಇಲ್ಲಿ ಸಾಗಿಸೋಕೆ ಏನೂ ಇಲ್ಲ. ವಿಚಾರಿಸಿದರು ಅನ್ನೋದೇ ವಿಷಯ.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಇಂಗ್ಲಿಷಿನಲ್ಲಿ ಕನ್ವೇ ಮಾಡೋಕೆ ಆಳೇ ಬೇಕು ಅಂತಿಲ್ಲ. ಮುಖ, ದನಿ, ಚಿತ್ರ, ಕಲ್ಲು ಏನಾದರೂ ಆಗುತ್ತೆ. ಬೇಲೂರಿನ ದರ್ಪಣ ಸುಂದರಿ ಬಗ್ಗೆ ‘ದ ಫಿಗರ್ ಕನ್ವೇಸ್ ಗ್ರೇಸ್’ ಅಂತ ಬರೆದರೆ ಓದುವವರಿಗೆ ಏನೂ ಅನ್ನಿಸೋದಿಲ್ಲ. ಕನ್ನಡದಲ್ಲಿ ‘ವಿಗ್ರಹ ಲಾವಣ್ಯವನ್ನು ತಿಳಿಸುತ್ತದೆ’ ಅಂದರೆ ಯಾರೋ ಸರ್ಕಾರಿ ನೋಟಿಸು ಅಂಟಿಸಿದ ಹಾಗಿರುತ್ತೆ. ‘ವಿಗ್ರಹದಲ್ಲಿ ಲಾವಣ್ಯ ಎದ್ದು ಕಾಣುತ್ತೆ’ ಅಂದರೆ ಸರಿಹೋಯ್ತು. ‘ಯುವರ್ ಮೇಲ್ ಕನ್ವೇಸ್ ದ ರಾಂಗ್ ಇಂಪ್ರೆಷನ್’ ಕೂಡ ಹಾಗೇ. ‘ನಿಮ್ಮ ಮೇಲ್ ಓದಿದವರು ತಪ್ಪು ತಿಳ್ಕೋತಾರೆ’ ಅಂತೀವಿ. ಹೊರುವ ಕೆಲಸವನ್ನ ಮೇಲ್‌ನಿಂದ ಇಳಿಸಿ, ತಿಳಿಯೋ ಕೆಲಸವನ್ನ ಓದುವವರಿಗೆ ಕೊಟ್ಟುಬಿಡ್ತೀವಿ.

ಇದನ್ನ ಅಕ್ಕನ ಮಗಳ ಹತ್ತಿರ ದೊಡ್ಡದಾಗಿ ಹೇಳಿದೆ. ಅವಳು ಸುಮ್ನೆ ಬಿಡಲಿಲ್ಲ. “ಹಂಗಾದ್ರೆ ‘ಅವಳ ಮುಖವೇ ಹೇಳ್ತಿತ್ತು’ ಅಂತೀವಲ್ಲ ಮಾವ, ಅದು?” ಅಂದಳು. ನಿಜ. ಆದರೆ ಆ ‘ವೇ’ ತೆಗೆದು ನೋಡಿ. ‘ಅವಳ ಮುಖ ಹೇಳ್ತಿತ್ತು’ ಅಂದರೆ ನನ್ನ ಕಿವಿಗೆ ಅರ್ಧಕ್ಕೇ ನಿಂತ ಹಾಗೆ. ‘ಅವನ ದನಿಯೇ ಹೇಳಿತು’ ಸರಿ, ‘ಅವನ ದನಿ ಹೇಳಿತು’ ಅನುವಾದದ ಹಾಗೆ. ಬಾಯಿಲ್ಲದ ವಸ್ತು ಮಾತಾಡಬೇಕಾದರೆ ಆ ಒತ್ತು ಬೇಕೇ ಬೇಕಾ? ಇಲ್ಲ ಇದು ಬರೀ ನಮ್ಮ ಕಡೆಯ ಕಿವಿನಾ? ಒತ್ತು ಇಲ್ಲದೆಯೂ ಸಲೀಸಾಗಿ ಬರುವ ವಾಕ್ಯ, ಆಡುಮಾತಿನದ್ದು, ಯಾರ ಹತ್ತಿರವಾದರೂ ಇದ್ದರೆ ಕೊಡಿ. ಹಾಸನದಿಂದ ಅವಳು ಭಾನುವಾರ ಮತ್ತೆ ಬರ್ತಾಳೆ.