ಪದಚರ್ಚೆ: ‘ರನ್ನರ್’, ‘ಗೇಟ್’, ‘ಸ್ನ್ಯಾಪ್ ಫಿಟ್’ – ಶನಿವಾರದೊಳಗೆ ಕನ್ನಡ ಪದಗಳು ಬೇಕಾಗಿವೆ

ತುಮಕೂರಿನಿಂದ:

ಮಾನ್ಯ ಸದಸ್ಯರೇ,

ಈ ಬೇಸಿಗೆ ರಜೆಯಲ್ಲಿ ನಮ್ಮ ಬಡಾವಣೆಯ ಹನ್ನೆರಡು ಮಕ್ಕಳಿಗೆ ಗನ್‌ಪ್ಲಾ ಕಟ್ಟುವುದನ್ನು, ಅಂದರೆ ಬಿಡಿಭಾಗಗಳನ್ನು ಅಂಟು ಬಳಸದೆ ಒತ್ತಿ ಕೂಡಿಸುವ ಪ್ಲಾಸ್ಟಿಕ್ ರೋಬೋಟ್ ಮಾದರಿಗಳನ್ನು ಕಟ್ಟಿ ಒಪ್ಪಗೊಳಿಸುವುದನ್ನು, ಹೇಳಿಕೊಡಲಿದ್ದೇನೆ. ಪೆಟ್ಟಿಗೆಯೊಳಗಿನ ಸೂಚನೆಗಳು ಬಹುಪಾಲು ಜಪಾನಿ ಭಾಷೆಯಲ್ಲಿರುವುದರಿಂದ ನಾಲ್ಕು ಪುಟಗಳ ಕನ್ನಡ ಕೈಪಿಡಿಯೊಂದನ್ನು ಬರೆದಿದ್ದು, ಅದು ಶನಿವಾರ ಬೆಳಿಗ್ಗೆ ಅಚ್ಚಿಗೆ ಹೋಗಬೇಕಾಗಿದೆ. ಮೂರು ಪದಗಳ ಬಳಿ ಬಂದು ನಿಂತುಬಿಟ್ಟಿದ್ದೇನೆ.

ಬಿಡಿಭಾಗಗಳನ್ನೆಲ್ಲ ಹಿಡಿದಿಟ್ಟಿರುವ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ‘ರನ್ನರ್’ ಎನ್ನುತ್ತಾರೆ. ಆ ಕಡ್ಡಿಗೂ ಭಾಗಕ್ಕೂ ನಡುವೆ ಇರುವ ತೆಳುವಾದ ಸಣ್ಣ ಕೊಂಡಿ ‘ಗೇಟ್’. ಒಂದು ಭಾಗದ ಮೊಳೆ ಇನ್ನೊಂದರ ಕುಳಿಯಲ್ಲಿ ಬಿಗಿಯಾಗಿ ಕೂರುವ ಏರ್ಪಾಟು ‘ಸ್ನ್ಯಾಪ್ ಫಿಟ್’. ನಿಘಂಟನ್ನು ನಂಬಿ ‘ದ್ವಾರವನ್ನು ಎರಡು ಹಂತಗಳಲ್ಲಿ ಕತ್ತರಿಸಿ’ ಎಂದು ಬರೆದೆ. ಕರಡನ್ನು ಓದಿದ ಆರನೆಯ ತರಗತಿಯ ಹುಡುಗನೊಬ್ಬ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಬಾಗಿಲನ್ನು ಹುಡುಕುತ್ತ ಕುಳಿತ. ರನ್ನರಿಗೆ ಅದೇ ನಿಘಂಟು ಕೊಟ್ಟ ‘ಓಟಗಾರ’ನನ್ನು ನಾನೇ ಹೊಡೆದುಹಾಕಿದೆ. ಈ ಹಂತದಲ್ಲಿ ಮಾತು ಸ್ಪಷ್ಟವಾಗಿರಲೇಬೇಕು, ಏಕೆಂದರೆ ನಿಪ್ಪರನ್ನು, ಅಂದರೆ ಕತ್ತರಿಸುವ ಇಕ್ಕಳವನ್ನು, ಭಾಗಕ್ಕೆ ತಾಗಿಸಿ ಒಂದೇ ಏಟಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಸೆಳೆತಕ್ಕೆ ಸಿಕ್ಕಿ ಬಿಳಿಚಿಕೊಳ್ಳುತ್ತದೆ, ಇಲ್ಲವೇ ಕಿತ್ತುಬಂದು ಹಳ್ಳ ಬೀಳುತ್ತದೆ. ಕಟ್ಟಿದ ಮಾದರಿಯ ಮೇಲೆ ಕೊನೆಗೆ ಸಿಂಪಡಿಸುವ ಕಾಪಿನ ಪದರ ‘ಟಾಪ್‌ಕೋಟ್‌’ಗೆ ‘ಮೇಲ್ಲೇಪ’ ಎಂಬ ಪದವನ್ನು ನಾನೇ ಮಾಡಿಕೊಂಡಿದ್ದೇನೆ: ‘ಮಳೆಗಾಲದಲ್ಲಿ ಮೇಲ್ಲೇಪವನ್ನು ಸಿಂಪಡಿಸಬೇಡಿ, ತೇವದ ಗಾಳಿಗೆ ಅದು ಮಂಜು ಕವಿದಂತೆ ಬೆಳ್ಳಗಾಗುತ್ತದೆ.’ ಅದರ ಬಗ್ಗೆ ನನಗೆ ಸಂದೇಹವಿಲ್ಲ.

ಗೌರಿಬಿದನೂರಿನಿಂದ:

ಸಂದೇಹ ಇರಬೇಕಾದದ್ದು ಅಲ್ಲಿಯೇ. ‘ಮೇಲ್ಲೇಪ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತವನ್ನು ಬೆಸೆದ ಸಲ್ಲದ ಜೋಡಿಪದ. ರನ್ನರಿಗೆ ‘ಹಂದರ’, ಗೇಟಿಗೆ ‘ಗಂಟು’, ಸ್ನ್ಯಾಪ್ ಫಿಟ್‌ಗೆ ‘ಕಚ್ಚುಗೂಡಿಕೆ’ ಎನ್ನಿ. ಕಚ್ಚು ಎಂದರೆ ಹಲ್ಲೂರುವುದೂ ಹೌದು, ಮರದಲ್ಲಿ ಕಡಿದ ಗುರುತೂ ಹೌದು. ಎರಡು ಅರ್ಥಗಳೂ ಇಲ್ಲಿ ಒದಗುತ್ತವೆ. ‘ರೋಬೋಟ್’ ಏಕೆ ಬೇಕು? ‘ಯಂತ್ರಮಾನವ’ ಇದೆ, ನಿರ್ದುಷ್ಟ ಸಮಾಸ. ಇಷ್ಟು ಸಾಕು.

ಶ್ರೀನಿವಾಸಪುರದಿಂದ:

ಗೌರಿಬಿದನೂರಿನ ಗುರುಗಳಿಗೆ ಇಷ್ಟು ಸಾಕಾಗಿರಬಹುದು, ಕೈಪಿಡಿ ಹಿಡಿದು ಕೂರುವ ಮಕ್ಕಳಿಗೆ ಸಾಲದು. ನಾನು ನರಸಾಪುರದ ಕಡೆಯ ಇಂಜೆಕ್ಷನ್ ಮೋಲ್ಡಿಂಗ್ ಘಟಕವೊಂದರಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವನಾದ್ದರಿಂದ ಮೊದಲು ಈ ಹೆಸರುಗಳು ಹುಟ್ಟಿದ ಬಗೆಯನ್ನು ಹೇಳುತ್ತೇನೆ. ಕರಗಿದ ಪ್ಲಾಸ್ಟಿಕ್ ಉಕ್ಕಿನ ಅಚ್ಚಿನೊಳಗೆ ಹರಿದು ಹೋಗುವ ಕಾಲುವೆಯೇ ರನ್ನರ್. ಕಾಲುವೆಯಿಂದ ಒಂದೊಂದು ಭಾಗದ ಪೊಳ್ಳಿಗೆ ಅದು ನುಗ್ಗುವ ಕಿರಿದಾದ ಬಾಯಿಯೇ ಗೇಟ್. ತೋಟದ ಕಾಲುವೆ ಮತ್ತು ಅದರ ತೂಬನ್ನು ನೆನೆಸಿಕೊಂಡರೆ ತಿಳಿಯುತ್ತದೆ. ಕಾಲುವೆಯಲ್ಲಿ ಉಳಿದು ಗಟ್ಟಿಯಾದ ಪ್ಲಾಸ್ಟಿಕ್ಕಿಗೂ ಕಾಲುವೆಯ ಹೆಸರೇ ಅಂಟಿಕೊಂಡಿದೆ. ಇವೆಲ್ಲ ಅಚ್ಚು ಮಾಡುವವನ ಕಣ್ಣಿನಿಂದ ಇಟ್ಟ ಹೆಸರುಗಳು. ಮಾದರಿಯನ್ನು ಕಟ್ಟುವ ಹುಡುಗನ ಕೈಗೆ ಅದು ಬರುವ ಹೊತ್ತಿಗೆ ಹರಿಯುವುದೂ ಮುಗಿದಿದೆ, ನುಗ್ಗುವುದೂ ಮುಗಿದಿದೆ. ಅವನಿಗೆ ಕಾಣುವುದು ಕಡ್ಡಿಯೊಂದರಲ್ಲಿ ತೂಗುತ್ತಿರುವ ಕಾಯಿಗಳು ಮಾತ್ರ. ಆದ್ದರಿಂದ ‘ದ್ವಾರ’ ತಪ್ಪಾದದ್ದು ನಿಘಂಟಿನ ದೋಷದಿಂದಲ್ಲ, ನಾವು ಯಾರ ಪಕ್ಕದಲ್ಲಿ ನಿಂತು ನೋಡುತ್ತಿದ್ದೇವೆ ಎಂಬುದನ್ನು ಮರೆತದ್ದರಿಂದ.

ಕಟ್ಟುವವನ ಪಕ್ಕದಲ್ಲಿ ನಿಂತರೆ ಗೇಟಿಗೆ ‘ತೊಟ್ಟು’ ಎಂಬುದಲ್ಲದೆ ಬೇರೆ ಪದ ಬೇಕಿಲ್ಲ. ನಮ್ಮ ಕಡೆ ಮಾವಿನಕಾಯಿಯನ್ನು ಬುಡಕ್ಕೆ ಕಿತ್ತರೆ ಸೊನೆ ಚಿಮ್ಮಿ ಸಿಪ್ಪೆಯ ಮೇಲೆ ಕಪ್ಪು ಕಲೆ ಉಳಿಯುತ್ತದೆಂದು, ಬಲ್ಲವರು ಮೊದಲು ಉದ್ದ ತೊಟ್ಟಿನೊಡನೆ ಕತ್ತರಿಸಿ ಆಮೇಲೆ ತೊಟ್ಟನ್ನು ಸವರುತ್ತಾರೆ. ತುಮಕೂರಿನವರು ಕೇಳಿದ ಎರಡು ಹಂತದ ಕತ್ತರಿಸುವಿಕೆ ಇದೇ ಅಲ್ಲವೇ? ‘ಮೊದಲು ತೊಟ್ಟು ಉಳಿಯುವಂತೆ ಬಿಡಿಸಿಕೊಳ್ಳಿ, ಅನಂತರ ತೊಟ್ಟನ್ನು ಸವರಿ, ಉಳಿದ ತೊಟ್ಟಿನ ಕಲೆಯನ್ನು 400, 600, 800 ಅಂಕಿಯ, ಒಂದಕ್ಕಿಂತ ಒಂದು ನಯವಾದ ಉಜ್ಜುಕಾಗದದಿಂದ ಕ್ರಮವಾಗಿ ಉಜ್ಜಿ’ ಎಂದು ಬರೆದರೆ ಕೋಲಾರ ಜಿಲ್ಲೆಯ ಯಾವ ಮಗುವಿಗೂ ಚಿತ್ರ ಬೇಕಾಗುವುದಿಲ್ಲ. ‘ಗಂಟು’ ಮರದ ಒಳಗಿನದು. ಅದನ್ನು ಯಾರೂ ಕತ್ತರಿಸಿ ಬಿಡಿಸುವುದಿಲ್ಲ. ತೆಲುಗಿನ ‘ತೊಡಿಮ’ವೂ ನಮ್ಮ ತೊಟ್ಟೂ ಒಂದೇ ಬೇರಿನವು, ‘ತೊಡರು’ ಎಂಬುದೂ ಅದರ ಬಂಧುವೇ ಇರಬೇಕೆಂಬುದು ನನ್ನ ಬಹುಕಾಲದ ನಂಬಿಕೆ. ಅಂಟಿಕೊಂಡಿರುವುದು ಎಂಬ ಭಾವ ಅಲ್ಲೆಲ್ಲ ಇದೆ.

ಅರಿಸಮಾಸದ ವಿಷಯ: ಅದೇ ವಾಕ್ಯದ ‘ಮಳೆಗಾಲ’ವನ್ನು ಗುರುಗಳು ಸುಮ್ಮನೆ ದಾಟಿದ್ದಾರೆ. ಮಳೆ ಕನ್ನಡ, ಕಾಲ ಸಂಸ್ಕೃತ.

ಗೌರಿಬಿದನೂರಿನಿಂದ:

‘ಕಾಲ’ ಸಮಸಂಸ್ಕೃತ, ಎರಡೂ ಭಾಷೆಗಳಲ್ಲಿ ಸಮನಾಗಿ ಸಲ್ಲುವ ಪದ. ವ್ಯಾಕರಣಕಾರ ಕೇಶಿರಾಜ ಅದಕ್ಕೆ ಅವಕಾಶ ಕೊಟ್ಟಿದ್ದಾನೆ. ಸೂತ್ರವನ್ನು ನೋಡದೆ ಉದಾಹರಣೆ ಕೊಡಬಾರದು.

‘ತೊಟ್ಟು’ ಎಂದರೆ ಹನಿಯೂ ಹೌದು, ಧರಿಸಿ ಎಂದೂ ಹೌದು. ಆದರೂ ‘ತೊಟ್ಟನ್ನು ಸವರಿ’ ಎಂಬಲ್ಲಿ ಗೊಂದಲಕ್ಕೆ ಎಡೆಯಿಲ್ಲವಾದ್ದರಿಂದ ‘ಗಂಟ’ನ್ನು ಹಿಂತೆಗೆದುಕೊಳ್ಳುತ್ತೇನೆ. ‘ತೊಡರ’ನ್ನು ಎಳೆದು ತರುವುದು ಅನಗತ್ಯ. ಇಷ್ಟೆಲ್ಲ ಚರ್ಚಿಸುವವರು ‘ಗನ್‌ಪ್ಲಾ’ ಎಂಬ ಬಾಲ ಕತ್ತರಿಸಿದ ಎರವಲನ್ನು ಮೊದಲ ವಾಕ್ಯದಲ್ಲಿಯೇ ಇಟ್ಟುಕೊಂಡಿರುವುದು ಸೋಜಿಗ.

ಚಿಂತಾಮಣಿಯಿಂದ:

ಬಾಲ ಕತ್ತರಿಸಿದವರು ನಾವಲ್ಲ ಸರ್, ಜಪಾನಿನವರೇ. ಗಂಡಮ್ ಎಂಬ ಟಿವಿ ಕಾರ್ಟೂನ್ ಸರಣಿಯ ಹೆಸರಿನ ತಲೆಗೆ ಪ್ಲಾಸ್ಟಿಕ್ ಮಾಡೆಲ್ ಎಂಬುದರ ತಲೆಯನ್ನು ಸೇರಿಸಿ ಆ ಪದವನ್ನು ಮಾಡಿಕೊಂಡರು. ಬಂದಾಯ್ ಕಂಪನಿ ಮೊದಲ ಮಾದರಿಯನ್ನು 1980ರ ಜುಲೈನಲ್ಲಿ, 1/144ರ ಅಳತೆಯಲ್ಲಿ, 300 ಯೆನ್ ಬೆಲೆಗೆ ಮಾರುಕಟ್ಟೆಗೆ ತಂದಾಗ ಅದಕ್ಕೆ ಅಂಟೂ ಬೇಕಿತ್ತು, ಬಣ್ಣವೂ ಬೇಕಿತ್ತು. ಅಂಟಿಲ್ಲದೆ ಕೂರುವ ಜೋಡಣೆಯೂ ಬಣ್ಣಬಣ್ಣದ ಪ್ಲಾಸ್ಟಿಕ್ಕೂ ಆಮೇಲೆ ಬಂದವು. ಇನ್ನು ‘ರನ್ನರ್’, ‘ಗೇಟ್’ ಎಂಬ ಇಂಗ್ಲಿಷ್ ಪದಗಳನ್ನು ಅವರು ತಮ್ಮ ಉಚ್ಚಾರಣೆಗೆ ಒಗ್ಗಿಸಿಕೊಂಡು ಹಾಗೆಯೇ ಬಳಸುತ್ತಾರೆ. ಅಚ್ಚರಿಯೆಂದರೆ, ಬಣ್ಣ ಹಚ್ಚದೆ ಬರಿಯ ಒತ್ತಿ ಕಟ್ಟುವುದಕ್ಕೆ ಮಾತ್ರ ಅವರದೇ ಪದವಿದೆ: ‘ಪಚಿಗುಮಿ’. ಭಾಗಗಳು ಕೂಡಿಕೊಳ್ಳುವಾಗ ಕೇಳುವ ‘ಪಚಿ’ ಎಂಬ ಸದ್ದಿಗೆ ಕಟ್ಟುವಿಕೆಯನ್ನು ಸೇರಿಸಿದ್ದಾರೆ. ನಾವು ಎರವಲು ಪಡೆಯಬೇಕಾದದ್ದು ಈ ಉಪಾಯವನ್ನು. ಅನುಕರಣಾವ್ಯಯಗಳಲ್ಲಿ ಕನ್ನಡವೇನೂ ಬಡವಲ್ಲ. ‘ಟಕ್ಕೆಂದು ಕೂರುವವರೆಗೆ ಒತ್ತಿ’ ಎಂದರೆ ಯಾವ ಗೂಡಿಕೆಯೂ ಬೇಡ. ದರ್ಜಿಗಳ ಟಿಚ್ ಬಟನ್ನಿಗೆ ಹೆಸರು ಬಂದದ್ದೂ ಇಂಥದೇ ಸದ್ದಿನಿಂದ ಎಂದು ನಾನು ಊಹಿಸಿಕೊಂಡಿದ್ದೇನೆ.

‘ಯಂತ್ರಮಾನವ’ ಇಲ್ಲಿ ಸಲ್ಲದು. ಆ ಕಥೆಗಳಲ್ಲಿ ಯಂತ್ರ ತಾನಾಗಿ ನಡೆಯುವುದಿಲ್ಲ, ಎದೆಯೊಳಗೆ ಕುಳಿತ ಮನುಷ್ಯ ಅದನ್ನು ನಡೆಸುತ್ತಾನೆ. ಅದು ಮಾನವನಲ್ಲ, ವಾಹನ. ‘ರೋಬೋಟ್’ ಎಂಬುದೂ ಸಡಿಲವಾದ ಬಳಕೆಯೇ, ಆದರೆ ಮಕ್ಕಳು ಹಾಗೆಯೇ ಕರೆಯುತ್ತಾರೆ. ಚೆಕ್ ಭಾಷೆಯಿಂದ ಬಂದ ಆ ಪದವನ್ನು ಹೊರಗಟ್ಟುವುದಾದರೆ ಜಪಾನಿನಿಂದ ಬಂದ ‘ರಿಕ್ಷಾ’ವನ್ನೂ ಪೋರ್ಚುಗೀಸರ ‘ಮೇಜ’ನ್ನೂ ಕಳುಹಿಸಿಕೊಡಬೇಕು, ಆಮೇಲೆ ಈ ಮಾದರಿಯನ್ನು ಯಾವುದರ ಮೇಲೆ ಇಟ್ಟು ಕಟ್ಟುವುದೆಂದು ಗುರುಗಳೇ ಹೇಳಬೇಕು.

ಗೌರಿಬಿದನೂರಿನಿಂದ:

ನೆಲದ ಮೇಲೆ. ಚಾಪೆ ಕನ್ನಡವೇ.

ತುಮಕೂರಿನಿಂದ:

ಎಲ್ಲರಿಗೂ ವಂದನೆಗಳು. ನೆಲದ ಮೇಲೆ ಕಟ್ಟಿಸುವುದು ಮಾತ್ರ ಆಗದು. ಸಿಡಿದು ಬಿದ್ದ ಸಣ್ಣ ಭಾಗ ಚಾಪೆಯ ಸಂದಿಗೆ ಸೇರಿದರೆ ಸಿಕ್ಕುವುದಿಲ್ಲ.

ಪುಟಗಳನ್ನು ಈಗಷ್ಟೇ ಅಚ್ಚಿಗೆ ಕೊಟ್ಟು ಬಂದೆ. ಗೇಟಿಗೆ ‘ತೊಟ್ಟು’, ಕತ್ತರಿಸಿದ ಮೇಲೆ ಉಳಿಯುವುದಕ್ಕೆ ‘ತೊಟ್ಟಿನ ಕಲೆ’ ಎಂದು ಹಾಕಿದ್ದೇನೆ. ಮಾವಿನ ಬದಲು ತೆಂಗಿನಕಾಯಿಯನ್ನು ಹೇಳಿ ನೋಡಿದೆನಾದರೂ ಸೊನೆಯ ಮಾತು ಅದಕ್ಕೆ ಹೊಂದಲಿಲ್ಲವಾದ್ದರಿಂದ ಮಾವನ್ನೇ ಉಳಿಸಿಕೊಂಡೆ. ರನ್ನರಿಗೆ ‘ಹಂದರ’ವನ್ನು ಒಪ್ಪಿದ್ದೇನೆ, ಏಕೆಂದರೆ ತೊಟ್ಟು ಬಂದ ಮೇಲೆ ಅದಕ್ಕೊಂದು ಹಂದರ ಇರುವುದು ಸಹಜವಾಗಿ ಕಂಡಿತು, ಆದರೆ ‘ಎ ಹಂದರ’, ‘ಬಿ ಹಂದರ’ ಎಂದು ಬರೆಯುವಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಮೂಡಿರುವ ಇಂಗ್ಲಿಷ್ ಅಕ್ಷರಗಳನ್ನು ಬದಲಿಸಲಾಗಲಿಲ್ಲ. ಸ್ನ್ಯಾಪ್ ಫಿಟ್‌ಗೆ ನಾಮಪದವನ್ನೇ ಕೈಬಿಟ್ಟು, ‘ಟಕ್ಕೆಂದು ಕಚ್ಚಿ ಕೂರುವವರೆಗೆ ಒತ್ತಿ’ ಎಂದು ಬರೆದಿದ್ದೇನೆ. ಕರಡನ್ನು ಮತ್ತೊಮ್ಮೆ ಓದಿದ ಆ ಹುಡುಗ ಏನನ್ನೂ ಕೇಳದೆ ನಿಪ್ಪರನ್ನು ಕೈಗೆತ್ತಿಕೊಂಡ. ಟಾಪ್‌ಕೋಟನ್ನು ಡಬ್ಬಿಯ ಮೇಲೆ ಇರುವಂತೆಯೇ ‘ಟಾಪ್‌ಕೋಟ್’ ಎಂದು ಬಿಟ್ಟಿದ್ದೇನೆ.

ಗೌರಿಬಿದನೂರಿನಿಂದ:

ಅರಿಸಮಾಸಕ್ಕಿಂತ ಅದು ವಾಸಿ.