ವರದಿಯಲ್ಲಿ ‘ಗ್ಲಿಯೋಸಿಸ್’ ಎಂದಿದ್ದರೆ: ನರರೋಗ ತಜ್ಞರೊಂದಿಗೆ ಪ್ರಶ್ನೋತ್ತರ

ನಿರ್ವಾಹಕ: ಶಿವಮೊಗ್ಗದ ನರರೋಗ ತಜ್ಞರು ರಾತ್ರಿ ಒಂಬತ್ತರವರೆಗೆ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಸಾಗರದಿಂದ: ನಮಸ್ಕಾರ ಡಾಕ್ಟರೇ. ತಾಯಿಗೆ ಮೂರು ವರ್ಷದ ಹಿಂದೆ ಪಾರ್ಶ್ವವಾಯು ಆಗಿತ್ತು. ಈಗಿನ ಎಂಆರ್‌ಐ ವರದಿಯಲ್ಲಿ ಅದೇ ಜಾಗದಲ್ಲಿ ‘ಗ್ಲಿಯೋಸಿಸ್’ ಎಂದಿದೆ. ಗೆಡ್ಡೆಯೇ?

ವೈದ್ಯರು: ನಮಸ್ಕಾರ. ಗೆಡ್ಡೆಯಲ್ಲ, ಹಳೆಯ ಗಾಯದ ಕಲೆ. ಮಿದುಳಿನಲ್ಲಿ ನರಕೋಶಗಳ ಜೊತೆ ಆಸ್ಟ್ರೋಸೈಟ್ ಎಂಬ ಕೋಶಗಳಿವೆ. ಆರೋಗ್ಯವಂತ ಮಿದುಳಿನಲ್ಲಿ ಒಂದೊಂದೂ ಪೊದೆಯಂತೆ ಕವಲೊಡೆದು ತನ್ನ ಪಾಲಿನ ಜಾಗದಲ್ಲಿ ಹರಡಿರುತ್ತದೆ, ಪಕ್ಕದ ಕೋಶದ ಜಾಗಕ್ಕೆ ಹೆಚ್ಚು ನುಗ್ಗುವುದಿಲ್ಲ. ಸುತ್ತಲಿನ ಭಾಗ ಸತ್ತಾಗ ಇವು ದಪ್ಪಗಾಗುತ್ತವೆ, ಒಳಗೆ ಜಿಎಫ್‌ಎಪಿ ಎಂಬ ಎಳೆಪ್ರೋಟೀನು ಹೆಚ್ಚುತ್ತದೆ, ಕವಲುಗಳು ಗಾಯದ ಸುತ್ತ ಹೆಣೆದುಕೊಂಡು ಉರಿಯೂತ ಹಬ್ಬದಂತೆ ತಡೆಯುತ್ತವೆ. ಬಿ.ಪಿ. ಮಾತ್ರೆ ನಿಲ್ಲಿಸಬೇಡಿ.

ಭದ್ರಾವತಿಯಿಂದ: ನನ್ನ ವರದಿಯಲ್ಲೂ ಗ್ಲಿಯೋಸಿಸ್ ಇದೆ. ಕ್ಯಾನ್ಸರ್ ಆಗುತ್ತದೆಯೇ?

ವೈದ್ಯರು: ಗ್ಲಿಯೋಸಿಸ್ ಬೇರೆ, ಗ್ಲಿಯೋಮಾ ಎಂಬ ಮಿದುಳಿನ ಗೆಡ್ಡೆ ಬೇರೆ. ಮೇಲಿನ ಉತ್ತರ ಓದಿ.

ಸೊರಬದಿಂದ: ಹೋದ ವರ್ಷ ಮಂಗನ ಕಾಯಿಲೆ ಬಂದಿತ್ತು. ಆಗಾಗ ತಲೆನೋವು ಉಳಿದಿದೆ. ಎಂಆರ್‌ಐ ಬೇಕೇ?

ಹೊಸನಗರದಿಂದ: ಮಾವನವರಿಗೆ ಲಿವರ್ ಸಿರೋಸಿಸ್. ನಾಲ್ಕು ದಿನದಿಂದ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಓಡಾಟ. ಮೊಮ್ಮಗಳನ್ನು ಬೇರೆ ಹೆಸರಿನಿಂದ ಕರೆದರು. ಕೈ ಚಾಚಿದರೆ ಅಂಗೈ ಬಡಿದುಕೊಳ್ಳುತ್ತದೆ. ಭೇದಿಯಾಗುತ್ತದೆಂದು ಲ್ಯಾಕ್ಟುಲೋಸ್ ಸಿರಪ್ ನಿಲ್ಲಿಸಿದ್ದೇವೆ. ಮರೆವಿನ ಕಾಯಿಲೆಯೇ? ನಿದ್ದೆ ಮಾತ್ರೆ ಕೊಡಬಹುದೇ?

ವೈದ್ಯರು: ಕೊಡಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಕರುಳಿನಲ್ಲಿ ಹುಟ್ಟುವ ಅಮೋನಿಯವನ್ನು ಲಿವರ್ ತಡೆಯಲಾಗದಿದ್ದರೆ ಅದು ಮಿದುಳಿಗೆ ಹೋಗುತ್ತದೆ. ಅಲ್ಲಿ ಅದನ್ನು ನಿಭಾಯಿಸುವುದು ಇದೇ ಆಸ್ಟ್ರೋಸೈಟ್‌ಗಳು. ಗ್ಲುಟಮೇಟ್ ಜೊತೆ ಸೇರಿಸಿ ಗ್ಲುಟಮಿನ್ ಮಾಡುತ್ತವೆ. ಗ್ಲುಟಮಿನ್ ಕೂಡಿದಂತೆ ನೀರು ಒಳನುಗ್ಗಿ ಕೋಶ ಊದಿಕೊಳ್ಳುತ್ತದೆ. ಸಾಗರದವರ ತಾಯಿಯದರಂತೆ ಇಲ್ಲಿ ಕಲೆ ಕಟ್ಟಿಲ್ಲ. ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಮಂದಿ ಮತ್ತೆ ತಿಳಿಯಾಗುತ್ತಾರೆ, ಅದಕ್ಕೇ ಇಷ್ಟು ಅವಸರಪಡಿಸುತ್ತಿದ್ದೇನೆ. ಲ್ಯಾಕ್ಟುಲೋಸ್ ಕೊಡುವುದೇ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೊಟ್ಟೆ ಖಾಲಿಯಾಗಿ ಅಮೋನಿಯ ಹೊರಹೋಗಲೆಂದು. ನೀರಿನಂತೆ ಹೋಗುತ್ತಿದ್ದರೆ ಪ್ರಮಾಣ ಕಡಿಮೆ ಮಾಡಲು ಕೇಳಬೇಕಿತ್ತು. ಜ್ವರ, ಕಪ್ಪು ಮಲ, ಮಲಬದ್ಧತೆ ಇವೆಯೇ ಎಂಬುದನ್ನು ಅಲ್ಲಿನ ವೈದ್ಯರಿಗೆ ತಿಳಿಸಿ. ಇಲ್ಲಿ ಬರೆಯುತ್ತಾ ಕೂರಬೇಡಿ.

ತೀರ್ಥಹಳ್ಳಿಯಿಂದ: (ಫಾರ್ವರ್ಡ್) ಊಟದ ನಂತರ ಅಡಿಕೆ ಜಗಿದರೆ ಮಿದುಳಿನ ಕೋಶ ಹಿಗ್ಗಿ ಮರೆವು ಹತ್ತಿರ ಸುಳಿಯದು. ಹತ್ತು ಮಂದಿಗೆ ಕಳುಹಿಸಿ.

ವೈದ್ಯರು: ಒಬ್ಬರಿಗೂ ಕಳುಹಿಸಬೇಡಿ. ಕೋಶ ಹಿಗ್ಗಿದರೆ ಒಳ್ಳೆಯದೆಂದು ಯಾರು ಹೇಳಿದರು? ಹೊಸನಗರದವರ ಮಾವನಿಗೆ ಆಗಿರುವುದೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ಪ್ರಕಟಿಸಿದೆ.

ಶೃಂಗೇರಿಯಿಂದ: ಅಡಿಕೆ ದರ ಬೀಳಿಸುವ ಮಾತು ಮಲೆನಾಡಿನ ಗುಂಪಿನಲ್ಲೇ ಬೇಕೇ? ನಮ್ಮಜ್ಜ ತೊಂಬತ್ತರವರೆಗೂ ಕವಳ ಹಾಕಿದವರು.

ರಿಪ್ಪನ್‌ಪೇಟೆಯಿಂದ: ನಮ್ಮ ಚಿಕ್ಕಪ್ಪ ತಂಬಾಕು ಮುಟ್ಟದೆ ಬರೀ ಕವಳ ಹಾಕಿಯೇ ಬಾಯಿಯ ಆಪರೇಷನ್ ಮಾಡಿಸಿಕೊಂಡರು.

ಶೃಂಗೇರಿಯಿಂದ: ಗುಟ್ಕಾ ಕಂಪನಿಯವರ ಪಾಪ ತೋಟದವರ ತಲೆಗೆ!

ರಿಪ್ಪನ್‌ಪೇಟೆಯಿಂದ: ನನಗೂ ತೋಟವಿದೆ ರಾಯರೇ. ಎಲೆಚುಕ್ಕಿ ರೋಗಕ್ಕೆ ಔಷಧ ಹೊಡೆಸಿ ಸಾಲ ಮಾಡಿದವನು ನಾನು. ಹಾಗೆಂದು ಸುಳ್ಳು ಹೇಳಲೇ?

ಕೊಪ್ಪದಿಂದ: ಅಮ್ಮನಿಗೆ ಅಲ್ಝೈಮರ್. ಅದರಲ್ಲಿ ಈ ಕೋಶಗಳು ದಪ್ಪಗಾಗುತ್ತವೆಯೋ ಸೊರಗುತ್ತವೆಯೋ?

ವೈದ್ಯರು: ಒಳ್ಳೆಯ ಪ್ರಶ್ನೆ. ಎರಡೂ. ಅಮಿಲಾಯ್ಡ್ ಎಂಬ ಪ್ರೋಟೀನಿನ ಶೇಖರಣೆಯ ಸುತ್ತ ದಪ್ಪಗಾಗುತ್ತವೆ. ಅದರಿಂದ ದೂರವಿರುವವು ಸೊರಗುವುದು ಪ್ರಯೋಗದ ಇಲಿಗಳಲ್ಲಿ ಕಂಡುಬಂದಿದೆ.

ಭದ್ರಾವತಿಯಿಂದ: ಓದಿದೆ ಡಾಕ್ಟರೇ. ಆದರೂ ಗ್ಲಿಯೋಸಿಸ್ ಮುಂದೆ ಕ್ಯಾನ್ಸರ್...?

ವೈದ್ಯರು: ಇಲ್ಲ.

ಸೊರಬದಿಂದ: ನನ್ನ ಪ್ರಶ್ನೆ ಮೇಲೆಯೇ ಉಳಿದಿದೆ.

ಹೊಸನಗರದಿಂದ: ಮಳೆ ಜೋರಾಗಿದೆ, ಬೆಳಿಗ್ಗೆ ನೋಡೋಣ ಎನ್ನುತ್ತಿದ್ದಾರೆ. ಅಷ್ಟರವರೆಗೆ ಒಂದೆಲಗದ ರಸ ಕುಡಿಸಲೇ?

ವೈದ್ಯರು: ಯಾವ ರಸವೂ ಬೇಡ. ಮಂಪರಿನಲ್ಲಿರುವವರ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ ಕರೆತನ್ನಿ. ಬೆಳಗಿನವರೆಗೆ ಕಾಯಿರಿ ಎನ್ನುವವರಿಗೆ ಫೋನ್ ಕೊಡಿ, ನಾನೇ ಮಾತನಾಡುತ್ತೇನೆ. ಅಡಿಕೆಯ ಬಗ್ಗೆ ಇನ್ನು ಉತ್ತರಿಸುವುದಿಲ್ಲ.

ಶೃಂಗೇರಿಯಿಂದ: ಹಾಗಾದರೆ 2004ರ ಮಾತು ತೆಗೆದವರು ಯಾರು?

ನಿರ್ವಾಹಕ: ಇನ್ನು ಈ ಗುಂಪಿನಲ್ಲಿ ನಿರ್ವಾಹಕರು ಮಾತ್ರ ಬರೆಯಬಹುದು.