ಹಳೆ ಕಾರಿನ ಫ್ಯೂಯಲ್ ಫಿಲ್ಟರ್ ಮನೆಯಲ್ಲೇ ಬದಲಿಸುವುದು: ಮೇಸ್ತ್ರಿಯನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿರುವ ನಮ್ಮ ಮೇಸ್ತ್ರಿ ಇವತ್ತು ರಜೆಯಲ್ಲಿದ್ದಾರೆ. ಸಂಜೆವರೆಗೆ ಉತ್ತರ ಕೊಡುತ್ತೇನೆ ಅಂದಿದ್ದಾರೆ. ವಿಷಯ ಫ್ಯೂಯಲ್ ಫಿಲ್ಟರ್ ಮಾತ್ರ. ಹೆಸರಿನ ಬದಲು ನಿಮ್ಮ ಊರು ಅಥವಾ ಬಡಾವಣೆ ಹಾಕಿ, ಗಾಡಿ ಯಾವುದು, ಯಾವ ವರ್ಷದ್ದು, ಪೆಟ್ರೋಲೋ ಡೀಸೆಲ್ಲೋ ಬರೆಯಿರಿ. ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ವಿದ್ಯಾನಗರ: ಅಣ್ಣಾರೆ, ನಮ್ಮದು 1996ರ ಮಾರುತಿ 800, ಕಾರ್ಬುರೇಟರ್. ಫಿಲ್ಟರ್ ನಾನೇ ಹಾಕಬಹುದಾ?

ಮೇಸ್ತ್ರಿ: ಧಾರಾಳವಾಗಿ ಹಾಕಿ. ಕಾರ್ಬುರೇಟರ್ ಗಾಡಿಯಲ್ಲಿ ಪ್ರೆಶರ್ ಕಡಿಮೆ. ಇಂಜಿನ್ ಪೂರ್ತಿ ತಣ್ಣಗಿರಲಿ, ಗಾಡಿ ಬಯಲಲ್ಲಿ ನಿಲ್ಲಲಿ, ಬ್ಯಾಟರಿಯ ಮೈನಸ್ ಬಿಚ್ಚಿಡಿ. ಹಳೆ ರಬ್ಬರ್ ಪೈಪನ್ನು ಜಗ್ಗಬೇಡಿ. ಮೊದಲು ತಿರುಚಿ ಅಂಟು ಬಿಡಿಸಿ, ಆಮೇಲೆ ಎಳೆಯಿರಿ. ಟ್ಯಾಂಕ್ ಕಡೆಯ ಪೈಪಿನಿಂದ ಪೆಟ್ರೋಲ್ ಸುರಿಯಬಹುದು. ಅದರ ಬಾಯಿಗೆ ಸರಿಹೋಗುವ ಬೋಲ್ಟ್ ಒಂದನ್ನು ಮೊದಲೇ ಜೇಬಿನಲ್ಲಿ ಇಟ್ಟುಕೊಳ್ಳಿ. ಫಿಲ್ಟರ್ ಮೇಲೆ ಬಾಣದ ಗುರುತು ಇರುತ್ತದೆ. ಅದು ಇಂಜಿನ್ ಕಡೆ ನೋಡಬೇಕು. ಪೈಪನ್ನು ಬೆರಳಲ್ಲಿ ಮಡಿಸಿ ನೋಡಿ. ಬಿರುಕು ಕಂಡರೆ ಪೈಪೂ ಹೊಸದು, ಕ್ಲಿಪ್ಪೂ ಹೊಸದು.

ಹರಿಹರ: ಸರ್, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು?

ಮೇಸ್ತ್ರಿ: ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಪುಸ್ತಕ ಕಳೆದಿದ್ದರೆ, ಹಳೆ ಪೆಟ್ರೋಲ್ ಗಾಡಿಗೆ ನಾನು 20,000ಕ್ಕೆ ಹಾಕುತ್ತೇನೆ.

ಜಗಳೂರು: ನಮ್ಮ ಕಡೆ ಧೂಳು ಜಾಸ್ತಿ. ಬೇಗ ಬದಲಿಸಬೇಕಾ?

ಮೇಸ್ತ್ರಿ: ರಸ್ತೆ ಧೂಳು ಕೂರುವುದು ಏರ್ ಫಿಲ್ಟರಿನಲ್ಲಿ. ಫ್ಯೂಯಲ್ ಫಿಲ್ಟರ್ ಕಟ್ಟುವುದು ಟ್ಯಾಂಕಿನ ತುಕ್ಕು, ಕೆಸರು, ನೀರಿನಿಂದ.

ಚನ್ನಗಿರಿ: ಬೊಲೆರೊ, ಹಳೆ ಡಿಐ ಡೀಸೆಲ್. ನಿನ್ನೆ ತೋಟದಲ್ಲೇ ಫಿಲ್ಟರ್ ಬದಲಿಸಿದೆ. ಆಮೇಲೆ ಸ್ಟಾರ್ಟೇ ಆಗುತ್ತಿಲ್ಲ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯಿತು. ಅಡಿಕೆ ಸಾಗಿಸಬೇಕು, ದಯವಿಟ್ಟು ಹೇಳಿ.

ಮೇಸ್ತ್ರಿ: ಗಾಳಿ ಹಿಡಿದಿದೆ. ಸೆಲ್ಫ್ ಹೊಡೆಯುವುದು ನಿಲ್ಲಿಸಿ, ಮೋಟರ್ ಸುಟ್ಟೀತು. ಫಿಲ್ಟರ್ ಹತ್ತಿರ ಕೈಪಂಪ್ ಇದೆ ನೋಡಿ. ಮೇಲಿನ ಗಾಳಿ ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿ ಪಂಪ್ ಒತ್ತಿ. ಮೊದಲು ನೊರೆ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಇನ್ನೊಂದು, ಹಳೆ ಫಿಲ್ಟರಿನ ರಬ್ಬರ್ ರಿಂಗ್ ಮೇಲೆ ಅಂಟಿಕೊಂಡು ಉಳಿದಿದೆಯಾ ನೋಡಿ. ಒಂದರ ಮೇಲೊಂದು ಎರಡು ರಿಂಗ್ ಕೂತರೆ ಎಷ್ಟು ಬಿಗಿದರೂ ಗಾಳಿ ಎಳೆಯುತ್ತದೆ.

ಚನ್ನಗಿರಿ: ಎರಡು ರಿಂಗ್ ಇದ್ದವು ಅಣ್ಣಾ! ಹಳೆಯದು ಅಲ್ಲೇ ಅಂಟಿತ್ತು. ಸ್ಟಾರ್ಟ್ ಆಯಿತು. ನಿಮಗೆ ಪುಣ್ಯ ಬರಲಿ.

ಶಾಮನೂರು ರಸ್ತೆ: ಎಷ್ಟು ಕಿಮೀಗೆ ಬದಲಿಸಬೇಕು ಸರ್?

ಮೇಸ್ತ್ರಿ: ಮೇಲೆ ಹೇಳಿದ್ದೇನೆ.

ನಿಟುವಳ್ಳಿ: ಮೇಸ್ತ್ರಿಯವರೇ, 2002ರ ಜೆನ್, ಎಂಪಿಎಫ್‌ಐ ಪೆಟ್ರೋಲ್, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವುದು. ಹೋದ ಭಾನುವಾರ ಫಿಲ್ಟರ್ ನಾನೇ ಹಾಕಿದೆ. ರಬ್ಬರ್ ಪೈಪ್ ಬಿರುಕು ಬಿಟ್ಟಿತ್ತು. ಗಾರೆ ಕೆಲಸದವರು ಲೆವೆಲ್ ನೋಡಲು ಬಳಸುತ್ತಾರಲ್ಲ, ಆ ಬಿಳಿ ಪೈಪನ್ನು ಒಂದು ಗೇಣು ತಂದು ಹಾಕಿ, ಸ್ಕ್ರೂ ಕ್ಲಿಪ್ ಬಿಗಿದೆ. ಗಾಡಿ ಚೆನ್ನಾಗಿ ಓಡುತ್ತಿದೆ. ಎರಡು ದಿನದಿಂದ ಬೆಳಗ್ಗೆ ಎದ್ದರೆ ಪೋರ್ಚಿನಲ್ಲಿ ಪೆಟ್ರೋಲ್ ವಾಸನೆ. ಮಧ್ಯಾಹ್ನದ ಹೊತ್ತಿಗೆ ಹೋಗುತ್ತದೆ. ಹೊಸ ಫಿಲ್ಟರಿನ ವಾಸನೆ ಇರಬಹುದಾ? ಫೋಟೋ ಹಾಕಿದ್ದೇನೆ. ಪಕ್ಕದಲ್ಲಿ ಕಾಣುವುದು ಸಂಪಿನ ಮುಚ್ಚಳ.

ಹರಿಹರ: ಹೊಸದರಲ್ಲಿ ಹಾಗೇ ಇರುತ್ತದೆ, ಹೋಗುತ್ತದೆ ಬಿಡಿ.

ಮೇಸ್ತ್ರಿ: ಹೋಗುವುದಿಲ್ಲ. ಹರಿಹರದವರೇ, ದಯವಿಟ್ಟು ನಡುವೆ ಬರಬೇಡಿ.

ನಿಟುವಳ್ಳಿಯವರೇ, ಮೊದಲು ಹೇಳಿದ್ದು ಮಾಡಿ, ಕಾರಣ ಆಮೇಲೆ ಓದಿ. ಗಾಡಿ ಸ್ಟಾರ್ಟ್ ಮಾಡಬೇಡಿ. ಕೀ ಆನ್ ಕೂಡ ಮಾಡಬೇಡಿ. ಆನ್ ಮಾಡಿದ ಕೂಡಲೇ ಟ್ಯಾಂಕಿನೊಳಗಿನ ಪಂಪ್ ಎರಡು ಮೂರು ಸೆಕೆಂಡ್ ಓಡಿ ಆ ಪೈಪಿಗೆ ಪೆಟ್ರೋಲ್ ತುಂಬುತ್ತದೆ. ಪೋರ್ಚಿನ ಲೈಟ್ ಹಾಕಬೇಡಿ. ಉರಿಯುತ್ತಿದ್ದರೆ ಆರಿಸಲೂ ಬೇಡಿ, ಸ್ವಿಚ್ಚಿನ ಒಳಗಿನ ಕಿಡಿ ಸಾಕು. ಸಂಪಿನ ಮೋಟರ್ ಯಾರೂ ಮುಟ್ಟಬಾರದು. ಅಂಗಳದಲ್ಲಿ ತುಳಸಿ ಕಟ್ಟೆ ಇದ್ದರೆ ಇವತ್ತು ದೀಪ ಬೇಡ ಅಂತ ಮನೆಯವರಿಗೆ ಹೇಳಿ. ಗೇಟ್ ಪೂರ್ತಿ ತೆಗೆಯಿರಿ. ಸ್ಟೇರಿಂಗ್ ಲಾಕ್ ಬಿಡಿಸಲು ಕೀಯನ್ನು ಮೊದಲ ಹಂತಕ್ಕೆ ಮಾತ್ರ ತಿರುಗಿಸಿ, ಮೀಟರ್ ದೀಪಗಳು ಹತ್ತುವವರೆಗೆ ಹೋಗಬೇಡಿ. ನ್ಯೂಟ್ರಲ್ ಮಾಡಿ ಇಬ್ಬರು ಮೂವರು ಸೇರಿ ಬಯಲಿಗೆ ತಳ್ಳಿ. ಅಲ್ಲಿ ವಾಸನೆ ಪೂರ್ತಿ ಹೋದ ಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ. ಪೋರ್ಚಿನೊಳಗೆ ಬಿಚ್ಚಬೇಡಿ, ಟರ್ಮಿನಲ್ ಎತ್ತುವಾಗಲೂ ಕಿಡಿ ಹಾರುತ್ತದೆ.

ಈಗ ಕಾರಣ. ನಿಮ್ಮ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಪೈಪಿನ ಮೇಲೆಲ್ಲ ಧೂಳಿದೆ. ಕ್ಲಿಪ್ಪಿನಿಂದ ಕೆಳಕ್ಕೆ ಬೆರಳಗಲದ ಒಂದು ಗೆರೆ ಮಾತ್ರ ತೊಳೆದ ಹಾಗೆ ಹೊಳೆಯುತ್ತಿದೆ. ಅಲ್ಲಿಂದ ಪೆಟ್ರೋಲ್ ಇಳಿಯುತ್ತಿದೆ. ತೊಟ್ಟಿಕ್ಕಿದ್ದು ನೆಲದಲ್ಲಿ ಆರಿಹೋಗುತ್ತದೆ, ಅದಕ್ಕೇ ನಿಮಗೆ ಕಲೆ ಕಂಡಿಲ್ಲ.

ನಿಮ್ಮ ಗಾಡಿ 800ರ ಹಾಗಲ್ಲ. ಎಂಪಿಎಫ್‌ಐನಲ್ಲಿ ಈ ಪೈಪಿನೊಳಗೆ ಸುಮಾರು 3 ಬಾರ್ ಪ್ರೆಶರ್ ಇರುತ್ತದೆ. ಟೈರಿಗೆ 30 ಪೌಂಡ್ ಗಾಳಿ ಹಾಕಿಸುತ್ತೀರಲ್ಲ, ಇದು 40ರ ಮೇಲೆ. ಲೆವೆಲ್ ಪೈಪ್ ನೀರು ನಿಲ್ಲಿಸಲು ಮಾಡಿದ್ದು. ಪೆಟ್ರೋಲ್ ತಾಗಿದರೆ ಅದರೊಳಗಿನ ಮೆತ್ತನೆಯ ಅಂಶ ಕರಗಿ ಹೋಗಿ ಪೈಪ್ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಕ್ಲಿಪ್ ಹಿಡಿತ ಬಿಡುತ್ತದೆ. ಇವತ್ತು ಹನಿ. ನಾಳೆ ಓಡುವಾಗ ಪೈಪ್ ಕಳಚಿದರೆ ಪಿಚಕಾರಿ, ಅದೂ ಬಿಸಿ ಸೈಲೆನ್ಸರ್ ಪೈಪಿನ ಹತ್ತಿರ.

ನನಗೆ ಎಲ್ಲಕ್ಕಿಂತ ಹೆದರಿಕೆ ಆ ಸಂಪಿನದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗು ಹುಡುಕುತ್ತದೆ. ಮೈನಸ್ 40 ಡಿಗ್ರಿ ಚಳಿಯಲ್ಲೂ ಕಿಡಿ ತಾಗಿದರೆ ಹತ್ತುವಷ್ಟು ಆವಿ ಕೊಡುವ ವಸ್ತು ಅದು. ನಮ್ಮ ಊರಿನ ಬಿಸಿಲು ಬೇರೆ. ಸಂಪಿನ ಮುಚ್ಚಳದ ಸಂದಿನಿಂದ ಒಳಗೆ ಇಳಿದು ಕೂತರೆ, ಮೋಟರ್ ಸ್ವಿಚ್ ಹಾಕುವವರಿಗೆ ಅದು ಗೊತ್ತೇ ಆಗುವುದಿಲ್ಲ. ಮುಚ್ಚಳ ತೆಗೆದಿಡಿ, ಸುತ್ತ ಯಾವುದಾದರೂ ಅಡ್ಡ ಇಡಿ, ಮಕ್ಕಳು ಹತ್ತಿರ ಬರಬಾರದು. ಇಣುಕಲು ಮೊಬೈಲ್ ಟಾರ್ಚ್ ಹಾಕಬೇಡಿ, ಬೆಂಕಿ ಕಡ್ಡಿಯಂತೂ ಬೇಡವೇ ಬೇಡ.

ನಾನು ಕೆಲಸ ಕಲಿಯುವಾಗ ಗ್ಯಾರೇಜಿನಲ್ಲಿ ಹ್ಯಾಂಡ್ ಲ್ಯಾಂಪ್ ಹಿಡಿದು ಗಾಡಿಯಡಿ ಮಲಗಿದ್ದೆ. ಗಾಜಿನ ಬಲ್ಬ್, ಕೈ ಜಾರಿ ಬಿತ್ತು. ಪಕ್ಕದ ತಟ್ಟೆಯಲ್ಲಿ ಇದ್ದದ್ದು ಒಂದು ಲೋಟದಷ್ಟು ಪೆಟ್ರೋಲ್. ಭಗ್ ಅಂದಿದ್ದು ಮಾತ್ರ ನೆನಪಿದೆ. ಎಡಗೈಯಲ್ಲಿ ಇವತ್ತಿಗೂ ಕೂದಲು ಬರುವುದಿಲ್ಲ. ನಿಮಗೆ ಬೈಯುತ್ತಿಲ್ಲ. ಮನೆಯಲ್ಲಿ ಜನ ಇದ್ದಾರೆ ಅಂತ ಹೇಳುತ್ತಿದ್ದೇನೆ. ಗಾಡಿ ಹೊರಗೆ ಹಾಕಿ ಇಲ್ಲಿ ಬರೆಯಿರಿ.

ವಿದ್ಯಾನಗರ: ಓದಿ ಮೈ ಜುಂ ಅಂದಿತು.

ಜಗಳೂರು: ಪೆಟ್ರೋಲಿಗೆ ಕರ್ಪೂರ ಹಾಕಿದರೆ ಫಿಲ್ಟರ್ ಕಟ್ಟುವುದೇ ಇಲ್ಲ, ಮೈಲೇಜೂ ಜಾಸ್ತಿ ಅಂತ ಒಂದು ಮೆಸೇಜ್ ಬಂದಿದೆ. ಕೆಳಗೆ ಹಾಕಿದ್ದೇನೆ.

ಮೇಸ್ತ್ರಿ: ತೆಗೆಯಿರಿ ಅದನ್ನು. ಕರ್ಪೂರ ಹಾಕಿ ಫಿಲ್ಟರ್ ಸ್ವಚ್ಛವಾದ ಗಾಡಿ ನನ್ನ ಕೈಗೆ ಒಂದೂ ಬಂದಿಲ್ಲ. ನುಸಿಗುಳಿಗೆ, ಅಸಿಟೋನ್, ಸೀಮೆಎಣ್ಣೆ, ಎಲ್ಲಕ್ಕೂ ಇದೇ ಉತ್ತರ. ಅಸಿಟೋನ್ ರಬ್ಬರ್ ತಿನ್ನುತ್ತದೆ. ಮತ್ತೆ ಕೇಳಬೇಡಿ.

ಹೊಳಲ್ಕೆರೆ: ಟ್ಯಾಂಕಿನ ಸೋರಿಕೆಗೆ ಮೈಸೋಪು ತಿಕ್ಕಿದರೆ ನಿಲ್ಲುತ್ತದಲ್ಲ? ನಿಟುವಳ್ಳಿಯವರೂ ಕ್ಲಿಪ್ಪಿಗೆ ಹಾಗೇ ಮಾಡಬಹುದಲ್ವಾ?

ಮೇಸ್ತ್ರಿ: ಪ್ರೆಶರ್ ಇಲ್ಲದ ಟ್ಯಾಂಕಿನ ಸಣ್ಣ ತೂತಿಗೆ ದಾರಿಯಲ್ಲಿ ಸಿಕ್ಕಿಬಿದ್ದಾಗ ಸೋಪು ಸ್ವಲ್ಪ ಹೊತ್ತು ನಿಲ್ಲಬಹುದು. 3 ಬಾರ್ ಪೈಪಿಗೆ ಸೋಪು ಹಚ್ಚಿ ಅಂತ ಹೇಳುವುದು ಒಂದು ಮನೆಗೆ ಬೆಂಕಿ ಇಟ್ಟ ಹಾಗೆ. ಯೋಚನೆ ಮಾಡಿ ಬರೆಯಿರಿ.

ಹರಿಹರ: ಟ್ಯಾಂಕ್ ಖಾಲಿ ಮಾಡಲು ಪೈಪ್ ಹಾಕಿ ಬಾಯಲ್ಲಿ ಎಳೆದರೆ ಆಯಿತು. ನಾನು ಮೂವತ್ತು ವರ್ಷದಿಂದ ಎಳೆಯುತ್ತಿದ್ದೇನೆ, ಏನೂ ಆಗಿಲ್ಲ. ಇಷ್ಟೆಲ್ಲ ಹೆದರಿಸುವುದು ಯಾಕೆ?

ಎಂಸಿಸಿ ಬಿ ಬ್ಲಾಕ್: ಯಾಕೆ ಅಂದರೆ ಗ್ಯಾರೇಜಿಗೆ ಗಾಡಿ ಬರಲಿ ಅಂತ. ಫಿಲ್ಟರ್ ಬೆಲೆಗಿಂತ ಮಜೂರಿ ಜಾಸ್ತಿ ತೆಗೆದುಕೊಳ್ಳುತ್ತಾರೆ.

ವಿದ್ಯಾನಗರ: ರೀ, ಅವರು ನನಗೆ ನೀವೇ ಹಾಕಿ ಅಂದರು. ಚನ್ನಗಿರಿಯವರ ಗಾಡಿಯನ್ನು ಕೂತಲ್ಲೇ ಸ್ಟಾರ್ಟ್ ಮಾಡಿಸಿದರು. ದುಡ್ಡು ಕೇಳಿದರಾ?

ಎಂಸಿಸಿ ಬಿ ಬ್ಲಾಕ್: ನಿಮಗೆ ಹೇಳಲಿಲ್ಲ.

ಹರಿಹರ: ಹಳೆ ಕಾಲದವರು ಎಲ್ಲ ಬಾಯಲ್ಲೇ ಎಳೆದರು. ಈಗಿನವರು ಪುಸ್ತಕ ಓದಿ ಹೆದರುತ್ತಾರೆ.

ಮೇಸ್ತ್ರಿ: ಹರಿಹರದವರೇ, ನುಂಗುವುದಕ್ಕಿಂತ ದೊಡ್ಡ ಅಪಾಯ ಅದು ಶ್ವಾಸಕೋಶಕ್ಕೆ ಇಳಿಯುವುದು. ಒಂದು ಗುಟುಕು ಬೇಡ, ಕೆಮ್ಮುವಾಗ ಸ್ವಲ್ಪ ಒಳಗೆ ಹೋದರೂ ಶ್ವಾಸಕೋಶ ಸುಟ್ಟ ಹಾಗಾಗುತ್ತದೆ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಮೇಲೆ ಬರುವಾಗ ಮತ್ತೆ ಅಲ್ಲಿಗೇ ಇಳಿಯುತ್ತದೆ. ನೇರ ಆಸ್ಪತ್ರೆಗೆ ಹೋಗಿ. ಪೆಟ್ರೋಲ್ ಎಳೆಯುವ ಕೈಪಂಪ್ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿ ಏನಲ್ಲ. ಮಜೂರಿ ಬಗ್ಗೆ ಮಾತಾಡಿದವರಿಗೆ, ಇವತ್ತು ನನ್ನ ಗ್ಯಾರೇಜ್ ಮುಚ್ಚಿದೆ.

ಆಜಾದ್ ನಗರ: ಓಮ್ನಿ ಮಾರುವುದಿದೆ, 2008, ಸಿಂಗಲ್ ಓನರ್.

ಅಡ್ಮಿನ್: ಮಾರಾಟದ ಮೆಸೇಜ್ ಬೇಡ.

ಚಿತ್ರದುರ್ಗ (ನಿವೃತ್ತ ಮೇಷ್ಟ್ರು): ಮೇಸ್ತ್ರಿಗಳೇ, ನನ್ನದು ಪ್ರೀಮಿಯರ್ ಪದ್ಮಿನಿ. ಎರಡು ವರ್ಷ ನಿಂತಿತ್ತು. ಈಗ ಹೊಸ ಫಿಲ್ಟರ್ ಹಾಕಿದರೆ ವಾರಕ್ಕೆ ಕಟ್ಟುತ್ತದೆ. ಮೂರನೆಯದು ಹಾಕಿದ್ದೇನೆ. ಸಪಾಟು ರಸ್ತೆಯಲ್ಲಿ ಓಡುತ್ತದೆ, ಏರು ಬಂದರೆ ಉಸಿರು ಕಟ್ಟುತ್ತದೆ.

ಮೇಸ್ತ್ರಿ: ಮೇಷ್ಟ್ರೇ, ನಾಲ್ಕನೆಯದು ಹಾಕಬೇಡಿ. ಬಿಚ್ಚಿದ ಫಿಲ್ಟರನ್ನು ಟ್ಯಾಂಕ್ ಕಡೆಯ ಬಾಯಿಂದ ಒಂದು ಬಿಳಿ ಪಿಂಗಾಣಿ ಬಟ್ಟಲಿಗೆ ಬಗ್ಗಿಸಿ, ಹತ್ತು ನಿಮಿಷ ಅಲ್ಲಾಡಿಸದೆ ಬಿಡಿ. ತಳದಲ್ಲಿ ಕಾಫಿ ಪುಡಿಯ ಹಾಗೆ ಕೂತರೆ ಟ್ಯಾಂಕಿನೊಳಗೆ ತುಕ್ಕು. ಕೆಳಗೆ ಬೇರೆ ಬಣ್ಣದ ಪದರ ನಿಂತರೆ ನೀರು. ಈಗ ಪಂಪಿನಲ್ಲಿ ಬರುವ ಪೆಟ್ರೋಲಿನಲ್ಲಿ ನೂರಕ್ಕೆ ಸುಮಾರು 20 ಭಾಗ ಎಥೆನಾಲ್. ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದಾಗ ಎರಡೂ ಸೇರಿ ತಳಕ್ಕೆ ಬಂದು ಕೂರುತ್ತವೆ. ನಿಂತ ಗಾಡಿಯ ಹಳೆ ಕೆಸರನ್ನೂ ಸಡಿಲಿಸುತ್ತದೆ. ಟ್ಯಾಂಕ್ ಇಳಿಸಿ ತೊಳೆಸಬೇಕು. ಅದು ಮನೆಯ ಕೆಲಸ ಅಲ್ಲ. ಖಾಲಿ ಟ್ಯಾಂಕಿಗೆ ಯಾರಾದರೂ ವೆಲ್ಡಿಂಗ್ ಮಾಡುತ್ತೇನೆ ಅಂದರೆ ಕೊಡಬೇಡಿ. ಖಾಲಿ ಟ್ಯಾಂಕಿನಲ್ಲೇ ಆವಿ ಇರುವುದು. ಬಟ್ಟಲಿನ ಫೋಟೋ ಕಳಿಸಿ, ನನಗೂ ನೋಡುವ ಆಸೆ ಇದೆ.

ಎಂಸಿಸಿ ಬಿ ಬ್ಲಾಕ್: ನೋಡಿದಿರಾ, ಎಲ್ಲ ಎಥೆನಾಲಿನ ಕಿತಾಪತಿ. ನಮ್ಮ ಹಳೆ ಗಾಡಿಗಳನ್ನು ಮುಗಿಸಲೆಂದೇ ತಂದಿದ್ದಾರೆ.

ಹೊಳಲ್ಕೆರೆ: ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಬೆಲೆ ಸಿಗುವುದು ಬೇಡವಾ? ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳ ನಂಬಿದವರು ಎಷ್ಟು ಜನ ಗೊತ್ತಾ?

ಎಂಸಿಸಿ ಬಿ ಬ್ಲಾಕ್: ನನ್ನ ಗಾಡಿಯ ಪೈಪ್ ಹೋದರೆ ನೀವು ತಂದು ಕೊಡುತ್ತೀರಾ?

ಹೊಳಲ್ಕೆರೆ: ಎರಡು ಚೀಲ ಜೋಳ ಹೊತ್ತು ನೋಡಿ ಮೊದಲು, ಆಮೇಲೆ ಮಾತಾಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ನಿಲ್ಲಿಸದಿದ್ದರೆ ಇಬ್ಬರನ್ನೂ ತೆಗೆಯುತ್ತೇನೆ.

ಹದಡಿ ರಸ್ತೆ: ಇಂಡಿಕಾ ಡೀಸೆಲ್‌ಗೆ ಯಾವ ಕಂಪನಿ ಫಿಲ್ಟರ್ ಒಳ್ಳೆಯದು?

ಕೆ.ಟಿ.ಜೆ. ನಗರ: ಎಷ್ಟು ಕಿಮೀಗೆ ಬದಲಿಸಬೇಕು?

ಮೇಸ್ತ್ರಿ: ಮೇಲೆ ಓದಿ.

ಕೆ.ಟಿ.ಜೆ. ನಗರ: ಕೇಳಿದರೆ ಹೀಗೆ ಹೇಳುವುದಾ? ಕಾರ್ಯಕ್ರಮ ಯಾಕೆ ಇಟ್ಟಿರಿ?

ವಿದ್ಯಾನಗರ: ಫಿಲ್ಟರನ್ನು ಗಾಳಿ ಹೊಡೆದು ಮತ್ತೆ ಹಾಕಬಹುದಾ ಅಣ್ಣಾರೆ?

ಮೇಸ್ತ್ರಿ: ಬೇಡ. ಒಳಗಿನ ಕಾಗದ ಹರಿಯುತ್ತದೆ. ಹರಿದದ್ದು ಹೊರಗಿನಿಂದ ಕಾಣುವುದಿಲ್ಲ.

ನಿಟುವಳ್ಳಿ: ಮೇಸ್ತ್ರಿಯವರೇ, ಗಾಡಿಯನ್ನು ಪಕ್ಕದ ಖಾಲಿ ಸೈಟಿಗೆ ತಳ್ಳಿದೆವು. ಸಂಪಿನ ಮುಚ್ಚಳ ಎತ್ತಿದಾಗ ವಾಸನೆ ಮೂಗಿಗೆ ಹೊಡೆಯಿತು. ನಮ್ಮ ಮನೆಯವರು ಆಗಷ್ಟೇ ಮೋಟರ್ ಹಾಕಲು ಹೊರಟಿದ್ದರು. ಕೈ ನಡುಗುತ್ತಿದೆ. ಮುಂದೆ ಏನು ಮಾಡಲಿ?

ಮೇಸ್ತ್ರಿ: ಒಳ್ಳೆಯದಾಯಿತು, ಸಮಾಧಾನ ಮಾಡಿಕೊಳ್ಳಿ. ಸಂಪಿನ ಮುಚ್ಚಳ ತೆರೆದೇ ಇರಲಿ, ಒಳಗೆ ಯಾರೂ ಇಳಿಯಬಾರದು. ಮನೆಯೊಳಗಿನಿಂದಲೂ ಮೋಟರ್ ಬೇಡ. 112ಕ್ಕೆ ಫೋನ್ ಮಾಡಿ, ಸಂಪಿನಲ್ಲಿ ಪೆಟ್ರೋಲ್ ವಾಸನೆ ಇದೆ ಅಂತ ಅಗ್ನಿಶಾಮಕದವರಿಗೆ ತಿಳಿಸಿ. ಅವರು ನೋಡಿ ಸರಿ ಅನ್ನುವವರೆಗೆ ಆ ನೀರು ಕುಡಿಯಲೂ ಬೇಡ, ಅಡುಗೆಗೂ ಬೇಡ.

ಗಾಡಿಗೆ ಪ್ರೆಶರ್ ತಡೆಯುವ ಇಂಜೆಕ್ಷನ್ ಪೈಪೇ ಬೇಕು. ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚು ಇರುತ್ತದೆ, ಅದನ್ನು ನೋಡಿ ತೆಗೆದುಕೊಳ್ಳಿ. ಕ್ಲಿಪ್ಪಿನ ಒಳಮೈ ನುಣುಪಾಗಿರಬೇಕು, ಹಲ್ಲಿನ ಕ್ಲಿಪ್ ರಬ್ಬರನ್ನು ಕೊರೆಯುತ್ತದೆ. ಈ ಸಲ ನೀವು ಬಿಚ್ಚಬೇಡಿ. ಬೆಳಗ್ಗೆ ನಾನೇ ಬರುತ್ತೇನೆ, ಸ್ಟ್ಯಾಂಡ್ ತರುತ್ತೇನೆ. ಬರೀ ಜಾಕ್ ನಂಬಿ, ಇಟ್ಟಿಗೆ ಕೊಟ್ಟು ಅಡಿಗೆ ಹೋಗಬೇಡಿ.

ಹರಿಹರ: ಹೊಸದರಲ್ಲಿ ಹಾಗೇ ಇರುತ್ತದೆ ಅಂದಿದ್ದು ನನ್ನ ತಪ್ಪು. ನಿಟುವಳ್ಳಿಯವರೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮರುದಿನ

ನಿಟುವಳ್ಳಿ: ರಾತ್ರಿಯೇ ಅಗ್ನಿಶಾಮಕದವರು ಬಂದು ನೋಡಿ ಹೋದರು. ಸಂಪು ಖಾಲಿ ಮಾಡಿಸುತ್ತಿದ್ದೇವೆ, ನೀರಿಗೆ ಟ್ಯಾಂಕರ್ ಹೇಳಿದ್ದೇನೆ. ಬೆಳಗ್ಗೆ ಮೇಸ್ತ್ರಿ ಬಂದು ಪೈಪ್ ಹಾಕಿದರು. ಬಿಚ್ಚಿದ ಲೆವೆಲ್ ಪೈಪನ್ನು ನನ್ನ ಕೈಗೆ ಕೊಟ್ಟು ಬಗ್ಗಿಸಿ ಅಂದರು. ಬಗ್ಗಿಸಿದೆ, ಲಟಕ್ ಅಂತ ಮುರಿಯಿತು. ಎಂಟು ದಿನ ಆಗಿತ್ತು ಅಷ್ಟೇ.

ಮೇಸ್ತ್ರಿ: ಗಾಡಿ ಇನ್ನೂ ಎರಡು ರಾತ್ರಿ ಸೈಟಿನಲ್ಲೇ ನಿಲ್ಲಲಿ. ಜಾಯಿಂಟಿನ ಕೆಳಗೆ ಒಣ ಪೇಪರ್ ಹಾಸಿ. ಬೆಳಗ್ಗೆ ಪೇಪರ್ ಎತ್ತಿ ಮೂಸಿ ನೋಡಿ. ಎರಡೂ ದಿನ ವಾಸನೆ ಇಲ್ಲದಿದ್ದರೆ ಪೋರ್ಚಿಗೆ ತನ್ನಿ.